ಬರೀ ಅಡಿಕೆ ಅಲ್ವಾ? ಕೆನ್ನೆಯ ಜೀವಕೋಶ ಕೊಟ್ಟ ಉತ್ತರ

"ತಂಬಾಕು ಮುಟ್ಟಲ್ಲ ಮೇಡಂ, ಬರೀ ಅಡಿಕೆ."

ಬಾಯಿ ತೆರೆಯಲು ಆಗದೆ ಬರುವ ಹುಡುಗರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಇದನ್ನೇ. ದಾವಣಗೆರೆಯಲ್ಲಿ ಬಾಯಿಯ ಕಾಯಿಲೆಗಳ ಪೆಥಾಲಜಿ ನೋಡುವವಳು ನಾನು. ಈ ಮಾತು ಕೇಳಿದಾಗ ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಅವರು ನಂಬಿರುವುದೇ ಹಾಗೆ. ಅಡಿಕೆ ನಮ್ಮ ಬೆಳೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆಯಿಂದಲೇ ಮನೆ ಎದ್ದಿವೆ, ಮಕ್ಕಳು ಓದಿದ್ದಾರೆ. ಪೂಜೆಗೂ ಬೇಕು, ಮದುವೆಗೂ ಬೇಕು, ಊಟ ಆದಮೇಲೂ ಬೇಕು. ಅಂಥ ವಸ್ತು ಕೆಡುಕು ಮಾಡುತ್ತದೆ ಅಂದರೆ ಒಪ್ಪಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ತಪ್ಪೆಲ್ಲ ತಂಬಾಕಿನ ತಲೆಗೆ ಹೋಗುತ್ತದೆ.

ಅಡಿಕೆ ಒಂದೇ ಏನು ಮಾಡುತ್ತದೆ ಅನ್ನುವುದನ್ನು ತಿಳಿಯಲು ನಮಗೆ ತುಂಬಾ ಸಹಾಯ ಮಾಡಿದ್ದು ಮನುಷ್ಯರ ಕೆನ್ನೆಯಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು. ಆ ಕೆಲಸ ಹೇಗೆ ನಡೆಯುತ್ತದೆ ಅಂತ ನಮ್ಮ ಊರಿನ ಜನರಿಗೆ ಗೊತ್ತಿರಬೇಕು. ಯಾಕೆಂದರೆ ಇದು ನಮ್ಮದೇ ಕಾಯಿಲೆ.

ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಶುರುವಾಗುವುದು ಉರಿಯಿಂದ. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದರೆ ಬಾಯೆಲ್ಲ ಉರಿ. ಮನೆಯವರು ಹೊಟ್ಟೆಯ ಉಷ್ಣ ಅಂದುಕೊಂಡು ಮಜ್ಜಿಗೆ ಕೊಡುತ್ತಾರೆ. ತಿಂಗಳುಗಳು ಕಳೆದಂತೆ ಕೆನ್ನೆಯ ಒಳಗೋಡೆ ಬಿಳಿಚಿಕೊಳ್ಳುತ್ತದೆ, ಮೆತ್ತಗಿದ್ದದ್ದು ಬಿಗಿಯಾಗುತ್ತದೆ. ಬೆರಳು ಹಾಕಿ ಸವರಿದರೆ ನಾರಿನ ಪಟ್ಟಿ ಸಿಗುತ್ತದೆ. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗಬೇಕು. ಇವರಿಗೆ ಎರಡೇ ಹೋಗುತ್ತದೆ, ಆಮೇಲೆ ಒಂದೇ. ಕೊನೆಗೆ ರೊಟ್ಟಿ ಮುರಿದು ಬಾಯಿಗಿಡಲೂ ಕಷ್ಟ.

1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಅವರು ನೋಡಿದ್ದು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರನ್ನು. ನಮ್ಮ ಜನ ಎಲ್ಲಿಗೆ ಹೋದರೂ ಅಡಿಕೆ ಜೊತೆಗೆ ಹೋಗಿದೆ, ಕಾಯಿಲೆಯೂ ಹೋಗಿದೆ. ಬಾಯಿ ಬಿಗಿಯುವುದು ಒಂದು ಕಷ್ಟವಾದರೆ, ಅದಕ್ಕಿಂತ ದೊಡ್ಡ ಭಯ ಕ್ಯಾನ್ಸರ್. ಕೇರಳದಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಶೇ 7.6 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು.

ಅನುಮಾನ ಬಂದರೆ ಕೆನ್ನೆಯಿಂದ ಚಿಕ್ಕ ತುಣುಕು ತೆಗೆಯುತ್ತಾರೆ, ಅಂದರೆ ಬಯಾಪ್ಸಿ. ಅದು ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್ ದ್ರವದ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತದೆ. ನೀರಿನಂಶ ತೆಗೆದು, ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತೇವೆ. ಜೀವಕೋಶದ ಕೇಂದ್ರ ನೀಲಿ, ಕೊಲಾಜೆನ್ ನಾರು ಗುಲಾಬಿ. ಆರೋಗ್ಯವಾಗಿರುವ ಕೆನ್ನೆಯಲ್ಲಿ ಮೇಲ್ಪದರ ದಪ್ಪಗೆ ಅಲೆಅಲೆಯಾಗಿರುತ್ತದೆ, ಕೆಳಗೆ ನಾರು ಸಡಿಲವಾಗಿ, ರಕ್ತನಾಳಗಳು ತೆರೆದುಕೊಂಡಿರುತ್ತವೆ. ಈ ರೋಗಿಗಳ ಸ್ಲೈಡಿನಲ್ಲಿ ಅಲೆ ಹೋಗಿ ಮೇಲ್ಪದರ ಸಪಾಟಾಗಿ ತೆಳುವಾಗಿದೆ. ಕೆಳಗೆ ಎಲ್ಲಿ ನೋಡಿದರೂ ಒತ್ತೊತ್ತಾದ ಗುಲಾಬಿ. ರಕ್ತನಾಳ ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ. ಬಾಯಿ ಯಾಕೆ ಬಿಳಿಚಿದೆ, ಯಾಕೆ ಬಿಗಿದಿದೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಆದರೆ ಇಷ್ಟು ನಾರು ಬಂದದ್ದು ಹೇಗೆ? ಸ್ಲೈಡಿನಲ್ಲಿರುವುದು ಫಾರ್ಮಾಲಿನ್ನಿಗೆ ಬಿದ್ದ ಗಳಿಗೆಯಲ್ಲಿ ನಿಂತುಹೋದ ಜೀವಕೋಶ. ಅದು ಏನಾಗಿದೆ ಅಂತ ತೋರಿಸುತ್ತದೆ, ಹೇಗಾಯಿತು ಅಂತ ತೋರಿಸುವುದಿಲ್ಲ. ರೋಗಿಯನ್ನು ಕೇಳಿದರೂ ಸುಲಭವಿಲ್ಲ. ಒಬ್ಬನೇ ಮನುಷ್ಯ ಎಲೆ, ಸುಣ್ಣ, ಕಾಚು, ಅಡಿಕೆ, ತಂಬಾಕು ಎಲ್ಲ ಒಟ್ಟಿಗೆ ಹಾಕಿರುತ್ತಾನೆ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು, ಬಾಯೊಳಗೆ ಮಾತ್ರ ಎರಡೂ ಸೇರುತ್ತವೆ. ಯಾವುದರ ಪಾಲು ಎಷ್ಟು ಅಂತ ಬೇರ್ಪಡಿಸಬೇಕಾದರೆ ಜೀವಂತ ಜೀವಕೋಶವೇ ಬೇಕು.

ಅದಕ್ಕೆ ತುಣುಕನ್ನು ಫಾರ್ಮಾಲಿನ್ನಿಗೆ ಹಾಕುವಂತಿಲ್ಲ. ಕ್ರಿಮಿ ಸೇರದಂತೆ ಪೋಷಕ ದ್ರವದಲ್ಲಿ, ತಣ್ಣಗೆ, ಬೇಗ ಪ್ರಯೋಗಾಲಯ ಮುಟ್ಟಿಸಬೇಕು. ಅಲ್ಲಿ ಸಾಸಿವೆ ಗಾತ್ರಕ್ಕೆ ಕತ್ತರಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡುತ್ತಾರೆ. 37 ಡಿಗ್ರಿ ಶಾಖ, ಗಾಳಿಯಲ್ಲಿ ಶೇ 5 ಇಂಗಾಲದ ಡೈಆಕ್ಸೈಡ್. ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ಆಮೇಲೆ ತುಣುಕಿನ ಅಂಚಿನಿಂದ ಎರಡೂ ತುದಿ ಚೂಪಾದ ಉದ್ದನೆಯ ಜೀವಕೋಶಗಳು ಹೊರಗೆ ತೆವಳಿಕೊಂಡು ಬರುತ್ತವೆ. ಅವೇ ಫೈಬ್ರೊಬ್ಲಾಸ್ಟ್, ನಾರು ತಯಾರಿಸುವ ಜೀವಕೋಶ. ಪೋಷಕ ದ್ರವದಲ್ಲಿ ಒಂದು ಬಣ್ಣ ಬೆರೆಸಿರುತ್ತಾರೆ. ಗುಲಾಬಿಗೆಂಪು ಹೋಗಿ ಹಳದಿಗೆ ತಿರುಗಿತು ಅಂದರೆ ದ್ರವ ಹುಳಿಯಾಗಿದೆ, ಬದಲಿಸುವ ಹೊತ್ತಾಯಿತು ಅಂತ ಅರ್ಥ. ಮೊದಲ ಸಲ ಈ ಜೀವಕೋಶಗಳು ಹರಡುವುದನ್ನು ನೋಡಿದಾಗ ಯಾವ ವಿದ್ಯಾರ್ಥಿಯೂ ಸೂಕ್ಷ್ಮದರ್ಶಕದಿಂದ ಬೇಗ ಕಣ್ಣು ತೆಗೆಯುವುದಿಲ್ಲ.

ಈಗ ಪ್ರಶ್ನೆ ಕೇಳಬಹುದು. ಒಂದು ತಟ್ಟೆಗೆ ಏನೂ ಹಾಕದೆ ಬಿಡಿ. ಇನ್ನೊಂದಕ್ಕೆ ಅಡಿಕೆಯ ಸತ್ವ ಮಾತ್ರ ಹಾಕಿ. ತಂಬಾಕು ಇಲ್ಲ, ಸುಣ್ಣ ಇಲ್ಲ. 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಹೀಗೆ ಮಾಡಿದಾಗ, ಅಡಿಕೆಯ ಅರೆಕೊಲಿನ್ ಮತ್ತು ಅದರಿಂದ ಹುಟ್ಟುವ ಅರೆಕೈಡಿನ್ ಎಂಬ ವಸ್ತುಗಳು ಕೆನ್ನೆಯ ಫೈಬ್ರೊಬ್ಲಾಸ್ಟ್‌ಗಳನ್ನು ಕೆರಳಿಸಿ ಜಾಸ್ತಿ ಕೊಲಾಜೆನ್ ಮಾಡಿಸುವುದು ಕಂಡಿತು. ಮುಂದೆ 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೊಂದು ಕೊಂಡಿ ತೋರಿಸಿದರು. ಅಡಿಕೆಯ ಅಂಶಗಳು ಮೇಲ್ಪದರದ ಜೀವಕೋಶಗಳಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಚುರುಕು ಮಾಡುತ್ತವೆ. ಆ ಸಂಕೇತದ ಕೆಲಸವೇ ಕೆಳಗಿನ ಫೈಬ್ರೊಬ್ಲಾಸ್ಟ್‌ಗೆ 'ನಾರು ಮಾಡು' ಅಂತ ಹೇಳುವುದು. ಗಾಯ ಮಾಯಲು ದೇಹ ಬಳಸುವ ಮಾತು ಅದು. ಇಲ್ಲಿ ಗಾಯವಿಲ್ಲದೆಯೂ ಅದೇ ಮಾತು ದಿನಾ ಕೇಳಿಸುತ್ತಲೇ ಇರುತ್ತದೆ.

ಇನ್ನೆರಡು ವಿಷಯ ಅಡಿಕೆ ಬೆಳೆಗಾರರಿಗೆ ನಮಗಿಂತ ಬೇಗ ಅರ್ಥವಾಗುತ್ತದೆ. ಒಂದು, ಚೊಗರು. ಕೆಂಪಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು ರಸದಲ್ಲಿ ಟ್ಯಾನಿನ್ ತುಂಬಿರುತ್ತದೆ. ಚರ್ಮ ಹದ ಮಾಡುವವರು ಇಂಥದ್ದೇ ಒಗರಿನ ರಸದಲ್ಲಿ ತೊಗಲನ್ನು ನೆನೆಸಿ ಕೊಳೆಯದಂತೆ ಗಟ್ಟಿ ಮಾಡುತ್ತಾರಲ್ಲ, ಅಡಿಕೆ ಇಟ್ಟುಕೊಂಡ ಕೆನ್ನೆಯಲ್ಲೂ ಆಗುವುದು ಅದೇ. ಟ್ಯಾನಿನ್ ಕೊಲಾಜೆನ್ನಿಗೆ ಅಂಟಿಕೊಂಡರೆ ಹಳೆಯ ನಾರನ್ನು ಕರಗಿಸುವ ದೇಹದ ಕಿಣ್ವ ಅದರ ಮೇಲೆ ಕೆಲಸ ಮಾಡಲಾರದು. ಹೊಸ ನಾರು ಬರುತ್ತಿದೆ, ಹಳೆಯದು ಹೋಗುತ್ತಿಲ್ಲ. ಎರಡನೆಯದು ತಾಮ್ರ. ಅಡಿಕೆಯಲ್ಲಿ ಬೇರೆ ಕಾಳು ಬೀಜಗಳಿಗಿಂತ ತಾಮ್ರ ಜಾಸ್ತಿ. ನಾರಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡಲು ತಾಮ್ರ ಬೇಕು. ಈ ರೋಗಿಗಳ ಕೆನ್ನೆಯಿಂದ ಬೆಳೆಸಿದ ಫೈಬ್ರೊಬ್ಲಾಸ್ಟ್‌ಗಳಲ್ಲಿ ಆ ಕಿಣ್ವ ಹೆಚ್ಚಾಗಿರುವುದು 1990ರ ದಶಕದಲ್ಲೇ ಕಂಡುಬಂತು.

ನನಗೆ ಬಹಳ ಮುಖ್ಯ ಅನಿಸುವುದು ಈ ಕೊನೆಯ ಮಾತು. ಆ ತಟ್ಟೆಯಲ್ಲಿ ಅಡಿಕೆ ಇರಲಿಲ್ಲ. ಜೀವಕೋಶ ಬಾಯಿಂದ ಹೊರಗೆ ಬಂದಿದೆ, ಅಡಿಕೆಯ ಸಹವಾಸ ತಪ್ಪಿದೆ, ಆದರೂ ಅದರ ಚಾಳಿ ಬಿಟ್ಟಿಲ್ಲ. "ಅಡಿಕೆ ಬಿಟ್ಟು ವರ್ಷ ಆಯ್ತು ಮೇಡಂ, ಬಾಯಿ ಮಾತ್ರ ತೆರೀತಿಲ್ಲ" ಅಂತ ಕೇಳುವವರಿಗೆ ಕೊಡುವ ಉತ್ತರದಲ್ಲಿ ಇದೂ ಒಂದು. ಬಿಟ್ಟರೆ ಉರಿ ಕಡಿಮೆಯಾಗುತ್ತದೆ, ಕಾಯಿಲೆ ಮುಂದೆ ಓಡುವುದು ತಗ್ಗುತ್ತದೆ. ಆದರೆ ಬೆಸೆದುಕೊಂಡ ನಾರು ತಾನಾಗಿ ಕರಗುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್, ಬಾಯಿ ತೆರೆಯುವ ವ್ಯಾಯಾಮ, ಜಾಸ್ತಿಯಾದರೆ ಶಸ್ತ್ರಚಿಕಿತ್ಸೆ, ಸದ್ಯಕ್ಕೆ ನಮ್ಮ ಕೈಲಿರುವುದು ಇವೇ. ಹಾಗಾಗಿ ಹದಿನೆಂಟರ ಹುಡುಗನಿಗೆ ಖಾರ ಉರಿಯಲು ಶುರುವಾದಾಗಲೇ ಹಿಡಿಯಬೇಕು ಅಂತ ನಾವು ಗೋಗರೆಯುವುದು.

2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಆಧಾರವಾಗಿದ್ದು ಮುಖ್ಯವಾಗಿ ಜನರ ಮೇಲಿನ ಅಧ್ಯಯನಗಳು. ಜೀವಕೋಶದ ಪ್ರಯೋಗಗಳು ಹೇಳಿದ್ದು 'ಹೇಗೆ' ಅನ್ನುವುದನ್ನು. ಎರಡೂ ಸೇರಿದಾಗಲೇ ಮಾತು ಗಟ್ಟಿಯಾಗುವುದು.

ತಟ್ಟೆಯ ಮಾತನ್ನು ಕಣ್ಣುಮುಚ್ಚಿ ನಂಬಬಾರದು ಅನ್ನುವುದನ್ನೂ ಹೇಳಲೇಬೇಕು. ಅಲ್ಲಿ ಜೊಲ್ಲು ಇಲ್ಲ, ರಕ್ತ ಹರಿಯುವುದಿಲ್ಲ, ಅಗಿಯುವ ಹಲ್ಲಿಲ್ಲ. ಅರೆಕೊಲಿನ್ ಪ್ರಮಾಣ ಜಾಸ್ತಿ ಮಾಡಿದರೆ ಅದೇ ಫೈಬ್ರೊಬ್ಲಾಸ್ಟ್ ನಾರು ಮಾಡುವುದು ಬಿಟ್ಟು ಸಾಯಲು ಶುರುಮಾಡುತ್ತದೆ. ಹಾಗಾಗಿ ಎಷ್ಟು ಹಾಕಿದರು, ಎಷ್ಟು ದಿನ ಹಾಕಿದರು ಅಂತ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ. ಇನ್ನೂ ದೊಡ್ಡ ಎಡವಟ್ಟು ನಮ್ಮ ಕ್ಷೇತ್ರದಲ್ಲೇ ಆಗಿದೆ. 1950ರ ದಶಕದಲ್ಲಿ ಕೆಬಿ ಎಂಬ ಜೀವಕೋಶ ತಳಿ, ಅಂದರೆ ತಟ್ಟೆಯಲ್ಲಿ ಕೊನೆಯಿಲ್ಲದೆ ಬೆಳೆಯುತ್ತಲೇ ಇರುವ ಜೀವಕೋಶಗಳ ಸಂತತಿ ಬಂತು. ಬಾಯಿ ಕ್ಯಾನ್ಸರಿನಿಂದ ಬೆಳೆಸಿದ್ದು ಅಂತ ಹೆಸರು. ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಅದರ ಮೇಲೆ ಬಾಯಿ ಕ್ಯಾನ್ಸರಿನ ಪ್ರಯೋಗ ಮಾಡಿದವು. ಕೊನೆಗೆ ಪರೀಕ್ಷಿಸಿದರೆ ಅವು ಬಾಯಿಯವೇ ಅಲ್ಲ, ಗರ್ಭಕೋಶದ ಕಂಠದ ಕ್ಯಾನ್ಸರಿನಿಂದ ಬಂದ ಹೀಲಾ ಜೀವಕೋಶಗಳು. ಒಂದು ಹನಿ ಆ ಕಡೆಯಿಂದ ಈ ಕಡೆಗೆ ಬಿದ್ದರೂ ಸಾಕು, ಜೋರಾಗಿ ಬೆಳೆಯುವ ಹೀಲಾ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಈಗ ಡಿಎನ್ಎ ಗುರುತು ಹೊಂದಿಸಿ ನೋಡಿ ಜೀವಕೋಶದ ಮೂಲ ಖಾತ್ರಿ ಮಾಡಿಕೊಳ್ಳಬಹುದು. ಆ ಖಾತ್ರಿ ಇಲ್ಲದ ಪ್ರಬಂಧ ಯಾರೇ ತಂದರೂ ನಾನು ಮುಂದೆ ಓದುವುದಿಲ್ಲ.

ಇದರಿಂದ ಔಷಧಿ ಬರುತ್ತದಾ ಅಂತ ಕೇಳುತ್ತಾರೆ. ದಾರಿ ಸಿಕ್ಕಿದ್ದುಂಟು, ಬೇರೆ ಕಾಯಿಲೆಗೆ. ಇದೇ ಫೈಬ್ರೊಬ್ಲಾಸ್ಟ್ ಜಾತಿಯ ಜೀವಕೋಶ, ಕೆನ್ನೆಯ ಬದಲು ಚರ್ಮದ್ದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟರಾಲ್ ವಿಪರೀತ ಇರುತ್ತದೆ, ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗುತ್ತದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅಂಥ ರೋಗಿಗಳ ಚರ್ಮದ ಜೀವಕೋಶ ಬೆಳೆಸಿದರು. ಆರೋಗ್ಯವಂತರ ಜೀವಕೋಶಕ್ಕೆ ಎಲ್‌ಡಿಎಲ್, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಕಣ ಕೊಟ್ಟರೆ ಅದನ್ನು ಒಳಗೆ ಎಳೆದುಕೊಂಡು ತನ್ನ ಕೊಲೆಸ್ಟರಾಲ್ ತಯಾರಿಕೆ ನಿಲ್ಲಿಸಿತು. ರೋಗಿಗಳದು ನಿಲ್ಲಿಸಲೇ ಇಲ್ಲ. ಎಲ್‌ಡಿಎಲ್ ಹಿಡಿದುಕೊಳ್ಳುವ ಗ್ರಾಹಕವೇ ಅವುಗಳ ಮೈಮೇಲೆ ಇರಲಿಲ್ಲ. ಕೊಲೆಸ್ಟರಾಲ್ ರಕ್ತದಿಂದ ಹೇಗೆ ಖಾಲಿಯಾಗುತ್ತದೆ ಅಂತ ಪ್ರಪಂಚಕ್ಕೆ ಗೊತ್ತಾಗಿದ್ದು ಹೀಗೆ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತು ನಮ್ಮ ಮನೆಗಳಲ್ಲಿ ಹಿರಿಯರು ಕೊಲೆಸ್ಟರಾಲ್ ಇಳಿಸಲು ರಾತ್ರಿ ನುಂಗುವ ಸ್ಟ್ಯಾಟಿನ್ ಮಾತ್ರೆ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಆ ತಟ್ಟೆಗಳಿಂದ ಅರ್ಥವಾಯಿತು. ಬಾಯಿಯ ಈ ಕಾಯಿಲೆಗೆ ಅಂಥ ಮಾತ್ರೆ ಇನ್ನೂ ಸಿಕ್ಕಿಲ್ಲ. ಆದರೆ ಎಲ್ಲಿ ತಡೆಯಬೇಕು ಅಂತ ಗುರಿ ಕಾಣುತ್ತಿದೆ. ಟಿಜಿಎಫ್-ಬೀಟಾ ಒಂದು, ಲೈಸಿಲ್ ಆಕ್ಸಿಡೇಸ್ ಇನ್ನೊಂದು.

ಇದೆಲ್ಲಕ್ಕೂ ಮೂಲ ರೋಗಿ ಕೊಟ್ಟ ತುಣುಕು. ಆ ಹೀಲಾ ಜೀವಕೋಶಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಹೆಣ್ಣುಮಗಳದ್ದು. 1951ರಲ್ಲಿ ಅವರನ್ನು ಕೇಳದೆಯೇ ತೆಗೆದಿದ್ದರು. ಅದೇ ವರ್ಷ, 31ರ ವಯಸ್ಸಿಗೆ ಆಕೆ ತೀರಿಕೊಂಡರು. ಅವರ ಜೀವಕೋಶ ಪೋಲಿಯೊ ಲಸಿಕೆಯ ಪರೀಕ್ಷೆಗೆ ಬಂತು, ಸಾವಿರಾರು ಸಂಶೋಧನೆಗೆ ಬಂತು. ಮನೆಯವರಿಗೆ ಎರಡು ದಶಕಗಳಷ್ಟು ಕಾಲ ಗೊತ್ತೇ ಇರಲಿಲ್ಲ. ಎಷ್ಟು ದೊಡ್ಡ ಉಪಕಾರ ಆದರೂ ಕೇಳದೆ ತೆಗೆದದ್ದು ತಪ್ಪೇ.

ನಮ್ಮಲ್ಲಿ ಈಗ ಕೇಳಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹಾಗೆ ಹೇಳುತ್ತದೆ. ಆದರೆ ಸುಮ್ನೆ ಒಂದು ಕಾಗದ ಮುಂದಿಟ್ಟು "ಇಲ್ಲಿ ಸಹಿ ಹಾಕಪ್ಪ" ಅಂದರೆ ಅದು ಕೇಳಿದ ಹಾಗಲ್ಲ. ಹಾಗಾಗಿ ನಿಮ್ಮನ್ನೋ, ನಿಮ್ಮ ತಮ್ಮನನ್ನೋ ಬಯಾಪ್ಸಿಗೆ ಕೂರಿಸಿದಾಗ ನೀವೇ ಬಾಯಿಬಿಟ್ಟು ಕೇಳಿ. ಈ ತುಣುಕು ನನ್ನ ಕಾಯಿಲೆ ಪತ್ತೆಗೆ ಮಾತ್ರವಾ, ಸಂಶೋಧನೆಗೂ ಹೋಗುತ್ತದಾ? ನನ್ನ ಹೆಸರು ಹೊರಗೆ ಬರುತ್ತದಾ? ಮುಂದೆ ಬೇಡ ಅನಿಸಿದರೆ ಯಾರಿಗೆ ಹೇಳಬೇಕು? ಕನ್ನಡದಲ್ಲೇ ವಿವರಿಸಿ ಅನ್ನಿ. ಬಯಾಪ್ಸಿಗೆ ಮಾತ್ರ ಹೆದರಬೇಡಿ. ಕತ್ತರಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಊರಲ್ಲಿ ಹೇಳುವ ಮಾತು ನಂಬಿ ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ, ಕಾಯಿಲೆ ಬಲಿಯುವುದು ಆ ತಿಂಗಳುಗಳಲ್ಲಿ. ಸಂಶೋಧನೆಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಡಲ್ಲ ಅಂದರೂ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು. ಆಗುತ್ತಿದೆ ಅನಿಸಿದರೆ ಆ ಆಸ್ಪತ್ರೆಯ ನೈತಿಕ ಸಮಿತಿಗೆ ಬರೆದುಕೊಡಿ. ಅದರ ವಿಳಾಸ ಮತ್ತು ಫೋನ್ ನಂಬರ್ ನೀವು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೇ ಇರಬೇಕು.