ಹಳೆಯ ಕಾರಿನೊಳಗಿನ ಮರ: ಎಷ್ಟು ಉಳಿಸಬೇಕು, ಎಲ್ಲಿ ಕತ್ತರಿಸಬೇಕು

ವಿಂಟೇಜ್ ಕಾರಿನ ಮರಗೆಲಸ ಎಂದೊಡನೆ ಹೊಳೆಯುವ ಡ್ಯಾಶ್‌ಬೋರ್ಡ್ ನೆನಪಾಗುತ್ತದೆ. ಅದರ ಸರದಿ ಆಮೇಲೆ ಬರಲಿ. ಕಲಿಯುವವರು ಮೊದಲು ಕೈಯಿಡಬೇಕಾದದ್ದು ತಗಡಿನ ಹಿಂದೆ ಅಡಗಿರುವ ಚೌಕಟ್ಟಿಗೆ. ಬಾಗಿಲು ಸರಿಯಾಗಿ ಕೂರುವುದೂ ಚಾವಣಿ ಅಲುಗಾಡದಿರುವುದೂ ಅದರಿಂದಲೇ.

1930ರ ದಶಕದ ನಡುವಿನವರೆಗೂ ಅನೇಕ ಕಾರುಗಳ ಮೈಯನ್ನು ಮರದ ಚೌಕಟ್ಟಿಗೆ ತಗಡು ಹೊದಿಸಿ ಕಟ್ಟುತ್ತಿದ್ದರು. ಡಾಡ್ಜ್ 1910ರ ದಶಕದಲ್ಲೇ ಉಕ್ಕಿನ ಮೈಗೆ ಹೊರಳಿತು. ಜನರಲ್ ಮೋಟರ್ಸ್ 1935ರ ಮಾದರಿಗಳಿಗೆ ಉಕ್ಕಿನ ಚಾವಣಿ ತಂದ ಮೇಲೂ ಒಳಗಿನ ಮರ ಒಮ್ಮೆಗೇ ಮಾಯವಾಗಲಿಲ್ಲ. ಮೋರಿಸ್ ಮೈನರ್ ಟ್ರಾವೆಲರ್‌ನಲ್ಲಂತೂ (1953–1971) ಹಿಂಭಾಗದ ಮರ ಹೊರಗೇ ಕಾಣುತ್ತದೆ. ಅದು ಅಲಂಕಾರಕ್ಕೆ ಅಂಟಿಸಿದ್ದಲ್ಲ, ಭಾರ ಹೊರುವ ಭಾಗ. ಇಂಗ್ಲೆಂಡಿನ ಮಾರ್ಗನ್ ಕಂಪನಿ ಇವತ್ತಿಗೂ ಮೈಗೆ ಆ್ಯಶ್ ಮರದ ಚೌಕಟ್ಟನ್ನೇ ಬಳಸುತ್ತದೆ. ಮಾರ್ಗನ್‌ನ ಷಾಸಿಯೇ (ಎಂಜಿನ್ನನ್ನೂ ಚಕ್ರಗಳನ್ನೂ ಹೊರುವ ತಳದ ಚೌಕಟ್ಟು) ಮರದ್ದು ಎಂಬ ಮಾತು ಎಷ್ಟು ಅಲ್ಲಗಳೆದರೂ ಸಾಯುವುದಿಲ್ಲ. ಷಾಸಿ ಲೋಹದ್ದು, ಅದರ ಮೇಲೆ ಕೂರುವ ಮೈಯ ಚೌಕಟ್ಟಷ್ಟೇ ಮರದ್ದು.

ಆ್ಯಶ್ ಏಕೆ? ಅದರ ಎಳೆ ನೇರ, ಉದ್ದ. ಕುಲುಕಾಟವನ್ನು ಸೀಳದೆ ತಾಳಿಕೊಳ್ಳುತ್ತದೆ, ಸ್ಕ್ರೂವನ್ನು ಬಿಗಿಯಾಗಿ ಹಿಡಿಯುತ್ತದೆ, ಹಬೆಗೆ ಚೆನ್ನಾಗಿ ಬಾಗುತ್ತದೆ. ಕೊರತೆ ಒಂದೇ, ಆದರೆ ದೊಡ್ಡದು: ತೇವ ನಿಂತರೆ ಬೇಗ ಲಡ್ಡು ಹಿಡಿಯುತ್ತದೆ. ಮರದ ತೇವಾಂಶ ಸುಮಾರು ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕು ಕಷ್ಟ. ಹಾಗಾಗಿ ಎಲ್ಲಿ ಕೊಳೆತಿದೆ ಎಂಬುದರ ಜೊತೆಗೆ ನೀರು ಎಲ್ಲಿಂದ ಬಂತು ಎಂದೂ ಹುಡುಕಬೇಕು. ಬಾಗಿಲನ್ನೇ ನೋಡಿ. ಗಾಜಿನ ಮೇಲೆ ಬಿದ್ದ ಮಳೆನೀರು ಸವೆದ ಫೆಲ್ಟ್ ಪಟ್ಟಿಯ ಸಂದಿನಿಂದ ಒಳಗಿಳಿಯುತ್ತದೆ. ತಳದ ರಂಧ್ರಗಳು ಮಣ್ಣು ಕಟ್ಟಿಕೊಂಡಿರುವುದರಿಂದ ಹೊರಹೋಗಲು ದಾರಿಯಿಲ್ಲ. ತಳಪಟ್ಟಿಯೂ ನಿಲುಪಟ್ಟಿಯೂ ಸೇರುವ ಮೂಲೆಯಲ್ಲಿ ಮರದ ಅಡ್ಡಕೊಯ್ತದ ಮುಖ ಅದನ್ನು ಹೀರಿಕೊಳ್ಳುತ್ತದೆ. ರಂಧ್ರ ತೆರೆಯದೆ, ಫೆಲ್ಟ್ ಬದಲಿಸದೆ ಹೊಸ ಮರ ಕೂರಿಸಿದರೆ ಅದೇ ಮೂಲೆ ಮತ್ತೆ ಕೊಳೆಯುತ್ತದೆ.

ಪರೀಕ್ಷೆಗೆ ದಬ್ಬಳ ಸಾಕು. ಮೊನೆಯನ್ನು ಮರಕ್ಕೆ ಓರೆಯಾಗಿ ಚುಚ್ಚಿ ಮೇಲಕ್ಕೆ ಮೀಟಿ. ಗಟ್ಟಿ ಮರವಾದರೆ ಉದ್ದನೆಯ ಸಿಬಿರು ಚಟ್ಟೆಂದು ಏಳುತ್ತದೆ. ಕೊಳೆತ ಮರದ ಚೂರು ಸದ್ದಿಲ್ಲದೆ ತುಂಡುತುಂಡಾಗಿ ಕಳಚುತ್ತದೆ. ಸ್ಕ್ರೂಗಳ ಸುತ್ತಲೂ ತಗಡಿನ ಮೊಳೆಗಳ ಸಾಲಿನುದ್ದಕ್ಕೂ ಹೀಗೆ ನೋಡುತ್ತಾ ಹೋಗಿ. ತುಕ್ಕು ಹಿಡಿದ ಕಬ್ಬಿಣದ ಸುತ್ತಲಿನ ಮರ ಕಪ್ಪಾಗಿ ಸತ್ತಿರುವುದು ಸಾಮಾನ್ಯ.

ಇನ್ನು ಬಿಚ್ಚುವ ಕೆಲಸ. ಎಲ್ಲ ಮರವನ್ನೂ ಒಟ್ಟಿಗೆ ಬಿಚ್ಚಿಹಾಕುವ ಆಸೆಯನ್ನು ತಡೆದುಕೊಳ್ಳಿ. ಚೌಕಟ್ಟು ಹೋದರೆ ತಗಡಿಗೆ ತನ್ನ ಆಕಾರ ನೆನಪಿರುವುದಿಲ್ಲ. ಬಾಗಿಲು ಮುಚ್ಚಿರುವಾಗಲೇ ಸುತ್ತಲಿನ ಸಂದುಗಳನ್ನು ಅಳೆದು ಬರೆದಿಡಿ, ಮೈಗೆ ಅಡ್ಡಲಾಗಿಯೂ ಓರೆಯಾಗಿಯೂ ಪಟ್ಟಿಗಳನ್ನು ಬಿಗಿಯಿರಿ, ನಂತರ ಒಂದೊಂದೇ ತುಂಡು ತೆಗೆಯಿರಿ. ತೆಗೆದದ್ದು ಎಷ್ಟೇ ಕೊಳೆತಿರಲಿ, ಕಾರು ಮುಗಿಯುವವರೆಗೆ ಎಸೆಯಬೇಡಿ. ಕೀಲಿನ ಸ್ಥಾನ, ಸ್ಕ್ರೂ ತೂತುಗಳ ಕೋನ, ಹತ್ತರಿ ಓಡಿದ ಓರೆ ಎಲ್ಲವೂ ಅದರಲ್ಲೇ ಇವೆ. ಪ್ಲೈವುಡ್ ಮೇಲಿಟ್ಟು ಅಚ್ಚು ತೆಗೆಯಿರಿ. ಕೊಳೆತು ಕುಗ್ಗಿದ ಕಡೆ ಕಾರಿನ ಇನ್ನೊಂದು ಪಕ್ಕದ ಜೋಡಿ ತುಂಡನ್ನು ತಿರುಗಿಸಿ ಹೋಲಿಸಬಹುದು, ಆದರೆ ಪೂರ್ತಿ ನಂಬಬೇಡಿ: ಕೈಯಲ್ಲಿ ಕಟ್ಟಿದ ಮೈಯ ಎಡಬಲಗಳು ಎಷ್ಟೋ ಸಲ ಒಂದೇ ಅಳತೆಯಲ್ಲಿರುವುದಿಲ್ಲ. ಕೊನೆಯ ಮಾತು ತಗಡಿನದು.

ಬಾಗಿಲು ನೇತಾಡುವ ಕಂಬದ ಬುಡವಷ್ಟೇ ಕೊಳೆತಿದ್ದರೆ ಇಡೀ ಕಂಬ ಬದಲಿಸುವ ಅಗತ್ಯವಿಲ್ಲ, ಓರೆ ಜೋಡಣೆ ಸಾಕು. ಹಳೆಯ ಮರವನ್ನೂ ಹೊಸ ಮರವನ್ನೂ ಉದ್ದನೆಯ ಇಳಿಜಾರಾಗಿ ಕೊಯ್ದು ಒಂದರ ಮೇಲೊಂದು ಅಂಟಿಸುವುದು ಅದರ ಕ್ರಮ. ಭಾರ ಹೊರುವ ಕಡೆ ಇಳಿಜಾರು ದಪ್ಪದ ಎಂಟು ಪಟ್ಟಾದರೂ ಇರಲಿ, 25 ಮಿ.ಮೀ. ದಪ್ಪದ ಪಟ್ಟಿಗೆ 200 ಮಿ.ಮೀ. ಉದ್ದದ ಓರೆ. ಇಷ್ಟು ಉದ್ದವಾದರೆ ಅಂಟು ಹಿಡಿಯುವುದು ಬಹುಪಾಲು ಎಳೆಯ ಪಕ್ಕಗಳನ್ನು, ಅಡ್ಡಕೊಯ್ತದ ಮುಖವನ್ನಲ್ಲ. ಕೊಳೆತದ್ದು ಕಣ್ಣಿಗೆ ಮುಗಿದಲ್ಲಿ ನಿಲ್ಲದೆ ಗಟ್ಟಿ ಮರದೊಳಕ್ಕೆ ಇನ್ನಷ್ಟು ದೂರ ಹೋಗಿ ಕತ್ತರಿಸಿ, ಶಿಲೀಂಧ್ರದ ಎಳೆಗಳು ಬಣ್ಣ ಬದಲಾಗುವ ಮುನ್ನವೇ ಮುಂದಕ್ಕೆ ಹರಡಿರುತ್ತವೆ. ಜೋಡಣೆಯ ಗೆರೆ ಕೀಲಿನ ಸ್ಕ್ರೂಗಳ ಕೆಳಗೆ ಬರದಂತೆ ಮೊದಲೇ ಯೋಚಿಸಬೇಕು.

ಅಂಟಿನ ವಿಚಾರದಲ್ಲಿ ನನ್ನ ಪಕ್ಷಪಾತ ಎಪಾಕ್ಸಿಯ ಕಡೆಗೆ. ಬಿಳಿ ಪಿ.ವಿ.ಎ. ಅಂಟು ಕುರ್ಚಿ ಮೇಜಿಗೆ ಸರಿ. ಸದಾ ಎಳೆತಕ್ಕೆ ಸಿಕ್ಕಿರುವ ಜೋಡಣೆಯಲ್ಲಿ ನಿಧಾನವಾಗಿ ಜರುಗುತ್ತದೆ. ಎಪಾಕ್ಸಿಯ ಮೊದಲ ಬಳಿತವನ್ನು ಮರ ಕುಡಿಯಲು ಬಿಡಿ, ನಂತರ ಪುಡಿ ಬೆರೆಸಿ ಗಟ್ಟಿ ಮಾಡಿದ್ದನ್ನು ಹಚ್ಚಿ. ಕ್ಲ್ಯಾಂಪನ್ನು ಹಿಂಡುವಂತೆ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಕೊಳೆತ ಮರಕ್ಕೆ ಸುರಿದು ಗಟ್ಟಿಗೊಳಿಸುವ ದ್ರವಗಳೂ ಮಾರಾಟಕ್ಕಿವೆ. ಅಲಂಕಾರದ ಪಟ್ಟಿಗೆ ಆದೀತು, ಬಾಗಿಲು ನೇತಾಡುವ ಕಂಬಕ್ಕೆ ಅದನ್ನು ಸುರಿಯುವುದು ದುರಸ್ತಿ ಅಲ್ಲ.

ಬಾಗಿದ ತುಂಡುಗಳಿಗೆ ಮೂರು ದಾರಿ. ಅಗಲ ಹಲಗೆಯಿಂದ ಬಿಲ್ಲಿನಾಕಾರಕ್ಕೆ ಕೊಯ್ಯಬಹುದು, ಆದರೆ ತಿರುವಿನಲ್ಲಿ ಎಳೆ ತುಂಡಾಗಿ ಅಲ್ಲೇ ಸೀಳುವ ಭಯವಿದೆ. ಸಣ್ಣ ತಿರುವಿಗೆ ಮಾತ್ರ ಸರಿ. ತೆಳುವಾದ ಪಟ್ಟಿಗಳನ್ನು ಅಚ್ಚಿನ ಮೇಲೆ ಒಂದಕ್ಕೊಂದು ಅಂಟಿಸಬಹುದು. ಮೂರನೆಯದು ಹಬೆ: 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ಗಂಟೆ. ಹಬೆ ತುಂಬಿದ ಪೆಟ್ಟಿಗೆಯಿಂದ ಹೊರತೆಗೆದ ಮೇಲೆ ತಣಿಯುವ ಮುನ್ನ ಬಗ್ಗಿಸಲು ಸಿಗುವುದು ಕೆಲವೇ ಕ್ಷಣ. ಬೆಂದ ಮರ ಒಳಮೈಯಲ್ಲಿ ಸಾಕಷ್ಟು ಕುಗ್ಗುತ್ತದೆ, ಹೊರಮೈಯಲ್ಲಿ ಹಿಗ್ಗುವುದು ಮಾತ್ರ ಅತ್ಯಲ್ಪ. ಆದ್ದರಿಂದ ಹೊರಬದಿಗೆ ಉಕ್ಕಿನ ಪಟ್ಟಿ ಕೊಟ್ಟು, ಎರಡೂ ತುದಿಗಳನ್ನು ತಡೆದು ಬಗ್ಗಿಸುತ್ತಾರೆ. ಗೂಡಿನಲ್ಲಿ ಒಣಗಿಸಿದ ಮರ ಇದಕ್ಕೆ ಮೊಂಡು, ಗಾಳಿಗೆ ಒಣಗಿದ್ದೇ ಮೇಲು.

ಈಗ ಡ್ಯಾಶ್‌ಬೋರ್ಡ್. ಒಡೆದಿರುವುದು ಮೇಲಿನ ಲ್ಯಾಕರೋ (ಹೊಳಪಿನ ಲೇಪ) ಕೆಳಗಿನ ವೆನೀರೋ (ಅಂಟಿಸಿದ ಮರದ ತೆಳು ಹಾಳೆ) ಎಂದು ಮೊದಲು ತಿಳಿಯಿರಿ. ಲ್ಯಾಕರ್ ಮಾತ್ರವಾದರೆ ಅದನ್ನು ತೆಗೆದು ಹೊಸದು ಹಚ್ಚಿದರೆ ಮುಗಿಯಿತು. ಇಂದಿನ ವೆನೀರ್ ಸಾಮಾನ್ಯವಾಗಿ 0.6 ಮಿ.ಮೀ. ಆಸುಪಾಸಿನದು, ಉಪ್ಪುಕಾಗದದ ನಾಲ್ಕು ಎಳೆತ ಹೆಚ್ಚಾದರೆ ಅಂಚಿನಲ್ಲಿ ತಳದ ಮರ ಇಣುಕುತ್ತದೆ. ಸರೇಸಿನಿಂದ ಅಂಟಿಸಿದ ಹಳೆಯ ವೆನೀರ್ ಉಬ್ಬಿದ್ದರೆ ತೇವದ ಬಟ್ಟೆಯೂ ಬೆಚ್ಚಗಿನ ಇಸ್ತ್ರಿಯೂ ಎಷ್ಟೋ ಸಲ ಅದನ್ನು ಮತ್ತೆ ಕೂರಿಸುತ್ತವೆ. ತೇಪೆ ಹಾಕಲೇಬೇಕಾದರೆ ಚೌಕ ಬೇಡ, ಮರದ ಸುಳಿಯ ಗೆರೆಯನ್ನೇ ಹಿಡಿದು ಅಂಕುಡೊಂಕಾಗಿ ಕತ್ತರಿಸಿ. ಬಣ್ಣ ಹೊಂದಿಸುವಾಗ ಒಂದು ತೊಡಕಿದೆ: ಬಹಳಷ್ಟು ಮರಗಳು ವಯಸ್ಸಾದಂತೆ ಗಾಢವಾಗುತ್ತವೆ, ವಾಲ್‌ನಟ್ ಬಿಸಿಲಿಗೆ ಮಂಕಾಗಿ ತಿಳಿಯಾಗುತ್ತದೆ. ಸ್ಪೀಡೋಮೀಟರ್ ಕಳಚಿ ಅದರ ಬಳೆಯ ಕೆಳಗೆ ನೋಡಿ; ಅಲ್ಲಿ ಕಾಣುವ ಕಂದು ಉಂಗುರವೇ ಕಾರ್ಖಾನೆಯಿಂದ ಬಂದ ಬಣ್ಣ. ಅದಕ್ಕೆ ಹೊಂದಿಸಬೇಕೋ ಮಂಕಾದ ಈಗಿನ ಬಣ್ಣಕ್ಕೋ ಎಂಬುದು ಮಾಲೀಕರೊಂದಿಗೆ ಮೊದಲೇ ಇತ್ಯರ್ಥವಾಗಲಿ.

ಹೊರಗೆ ಕಾಣುವ ಮರದ ಕಬ್ಬಿಣದ ಕಲೆಗಳಿಗೆ ಆಕ್ಸಾಲಿಕ್ ಆಮ್ಲದ ದ್ರಾವಣ ಕೆಲಸ ಮಾಡುತ್ತದೆ. ಅದು ವಿಷ, ಕೈಗವಸು ಬೇಕು, ನಂತರ ಚೆನ್ನಾಗಿ ತೊಳೆಯಬೇಕು, ಉಳಿದ ಪುಡಿ ಒಣಗಿದ ಮೇಲೆ ಉಜ್ಜಿ ಗಾಳಿಗೆ ಎಬ್ಬಿಸಬಾರದು. ಮರದ ಧೂಳಿಗೂ ಮುಖಗವಸು ಕಡ್ಡಾಯ.

ಹಿಕರಿ ಎಂಬ ಗಟ್ಟಿ ಮರದ ಕಡ್ಡಿಗಳಿರುವ ಚಕ್ರಕ್ಕೆ ಮಾತ್ರ ಕಲಿಕೆಯ ಹಂತದಲ್ಲಿ ಕೈ ಹಾಕಬೇಡಿ. ಸಡಿಲವಾದ ಚಕ್ರವನ್ನು ನೀರಿನಲ್ಲಿ ನೆನೆಸಿ ಬಿಗಿಮಾಡುವ ಹಳೆಯ ಉಪಾಯವೊಂದಿದೆ. ಕಡ್ಡಿಗಳು ಉಬ್ಬಿ ಬಿಗಿಯಾಗುವುದು ನಿಜ, ಆದರೆ ಉಬ್ಬುವಾಗ ಜಾಗ ಸಾಲದೆ ಎಳೆಗಳು ಜಜ್ಜಿಹೋಗುತ್ತವೆ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಬಿರುಕು ಬಿಟ್ಟ ಕಡ್ಡಿಗೆ ಅಂಟು ತುಂಬುವುದೂ ಬೇಡ. ಅಂಥ ಚಕ್ರವನ್ನು ಕಳಚಿ, ಚಕ್ರ ಕಟ್ಟುವ ಕಸುಬಿನವರಿಗೆ ಕಳುಹಿಸಿ.