ಎಂಡೋಸ್ಕೋಪಿಗೆ ಎಷ್ಟು ಮಂಪರು? ಡೋಸ್ ಇಳಿದು ಬಂದ ದಾರಿ

ಅಮೆರಿಕದಲ್ಲಿ 1986ರ ಹೊತ್ತಿಗೆ ಮಿಡಜೋಲಮ್ ಎಂಬ ಮಂಪರಿನ ಚುಚ್ಚುಮದ್ದು ಬಳಕೆಗೆ ಬಂತು. ಅದುವರೆಗೆ ಎಂಡೋಸ್ಕೋಪಿಗೆ, ಅಂದರೆ ಕ್ಯಾಮೆರಾ ಕೊಳವೆ ಇಳಿಸಿ ದೇಹದೊಳಗೆ ನೋಡುವ ಪರೀಕ್ಷೆಗೆ, ಮಂಪರು ತರಿಸುತ್ತಿದ್ದದ್ದು ಡಯಾಜೆಪಾಮ್. ಹೊಸದು ಹಳೆಯದಕ್ಕಿಂತ ಹೆಚ್ಚೆಂದರೆ ಎರಡು ಪಟ್ಟು ಪ್ರಬಲ ಎಂಬ ಲೆಕ್ಕದಲ್ಲಿ ಡೋಸ್ ಗೊತ್ತುಮಾಡಿದರು. ನಿಜಕ್ಕೂ ಅದು ಮೂರು-ನಾಲ್ಕು ಪಟ್ಟು ಪ್ರಬಲವಾಗಿತ್ತು. ಉಸಿರು ಕಟ್ಟಿ ರೋಗಿಗಳು ಸತ್ತ ವರದಿಗಳು ಬಂದವು, ಲೇಬಲ್ಲಿಗೆ ಚೌಕಟ್ಟಿನೊಳಗಿನ ಎಚ್ಚರಿಕೆ ಸೇರಿತು, ಡೋಸ್ ಇಳಿಯಿತು.

ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ, ಅಂದರೆ ಆಂಪೂಲ್ ಕೂಡ ಅಪಾಯಕ್ಕೆ ದಾರಿಮಾಡಿತ್ತು. 2 ಮಿ.ಲೀ.ಯಲ್ಲೇ 10 ಮಿಲಿಗ್ರಾಂ ಇದ್ದರೆ ಸಿರಿಂಜಿನ ಒಂದು ಸಣ್ಣ ಒತ್ತು ಸಾಕು, ಮಿತಿ ದಾಟುತ್ತದೆ. ಮಂಪರಿಗೆ ಮಿ.ಲೀ.ಗೆ 1 ಮಿಲಿಗ್ರಾಂನ ತೆಳು ದ್ರಾವಣವನ್ನೇ ಬಳಸಿ ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ ಹೇಳಿದ್ದು 2008ರಲ್ಲಿ. ತಡವಾಯಿತೆಂದೇ ಹೇಳಬೇಕು.

ಅಮೆರಿಕದ ಲೇಬಲ್ ಪ್ರಕಾರ 60 ವರ್ಷಕ್ಕಿಂತ ಚಿಕ್ಕವರಿಗೆ ಮೊದಲ ಡೋಸ್ 2.5 ಮಿಲಿಗ್ರಾಂ ಮೀರಬಾರದು. ಒಟ್ಟು 5 ದಾಟುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. 60 ದಾಟಿದವರಿಗೆ ಮೊದಲು 1.5, ಒಟ್ಟು 3.5. ಬ್ರಿಟನ್ನಿನ ಮಾನದಂಡದಲ್ಲಿ ಗೆರೆ ಬೀಳುವುದು 70ಕ್ಕೆ: ಅದಕ್ಕಿಂತ ಕೆಳಗೆ 5, ಮೇಲೆ ಇನ್ನೂ ಕಡಿಮೆ. ಜೊತೆಗೆ ಕೊಡುವ ನೋವುನಿವಾರಕ ಫೆಂಟನಿಲ್ ಕ್ರಮವಾಗಿ 100 ಮತ್ತು 50 ಮೈಕ್ರೋಗ್ರಾಂ.

ಆದರೆ ಜೀವ ಉಳಿಸುವುದು ಅಂಕಿಗಿಂತ ಹೆಚ್ಚಾಗಿ ಗಡಿಯಾರ. ವಯಸ್ಸಾದವರ ಮಿದುಳು ಅದೇ ಪ್ರಮಾಣಕ್ಕೆ ಹೆಚ್ಚು ಮಂಕಾಗುತ್ತದೆ, ಔಷಧಿ ದೇಹದಿಂದ ನಿಧಾನಕ್ಕೆ ಹೊರಹೋಗುತ್ತದೆ, ರಕ್ತ ಪರಿಚಲನೆ ನಿಧಾನವಾಗಿದ್ದರೆ ಪರಿಣಾಮವೂ ತಡ. 'ಇನ್ನೂ ಎಚ್ಚರವಿದ್ದಾರೆ' ಎಂದು ನಿಮಿಷದೊಳಗೆ ಮತ್ತೊಂದು ಡೋಸ್ ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ಅದಕ್ಕೇ ಎರಡು ನಿಮಿಷ ಹಿಡಿದು ಚುಚ್ಚುವುದು, ಮತ್ತೆ ಎರಡು ನಿಮಿಷವಾದರೂ ಕಾಯುವುದು. ಫೆಂಟನಿಲ್ ಜೊತೆಗಿದ್ದರೆ ಮಿಡಜೋಲಮ್ ಅನ್ನು ಕಿರಿಯರಲ್ಲಿ ಸುಮಾರು ಶೇ. 30, ಹಿರಿಯರಲ್ಲಿ ಶೇ. 50 ಇಳಿಸಬೇಕು.

ಈಗ ಡೋಸ್ ಹುಡುಕಲು 1948ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಡಿಕ್ಸನ್ ಮತ್ತು ಮೂಡ್ ವಿವರಿಸಿದ 'ಏರು-ಇಳಿ' ವಿಧಾನ ಬಳಸುವುದುಂಟು. ಒಬ್ಬ ರೋಗಿ ಕೊಳವೆ ಇಳಿಸುವಾಗ ಕೆಮ್ಮಿದರೆ, ಕೊಸರಿದರೆ ಮುಂದಿನವರಿಗೆ ಒಂದು ಮೆಟ್ಟಿಲು ಹೆಚ್ಚು. ಸುಮ್ಮನಿದ್ದರೆ ಒಂದು ಮೆಟ್ಟಿಲು ಕಡಿಮೆ. ಕಿರಿಯರಿಗೂ ಹಿರಿಯರಿಗೂ ಬೇರೆಬೇರೆ ಸರಣಿ. ಕೆಲವೇ ಹತ್ತಾರು ಮಂದಿಯಲ್ಲಿ, ಅರ್ಧದಷ್ಟು ಜನರಿಗೆ ಸಾಕಾಗುವ ಡೋಸ್ ಸಿಗುತ್ತದೆ. ಅದು ಪರಿಣಾಮದ ಅಳತೆಯೇ ಹೊರತು ಸುರಕ್ಷತೆಯದ್ದಲ್ಲ: ಅಪರೂಪಕ್ಕೆ ಉಸಿರು ನಿಲ್ಲುವುದನ್ನು ಅಷ್ಟು ಚಿಕ್ಕ ಗುಂಪು ತೋರಿಸಲಾರದು.

ಉಸಿರು ಕುಗ್ಗಿದರೆ ಗಲ್ಲ ಎತ್ತಿ ಶ್ವಾಸಮಾರ್ಗ ತೆರೆದು ಆಮ್ಲಜನಕ ಕೊಡುವುದು ಮೊದಲ ಕೆಲಸ. ಮಿಡಜೋಲಮ್‌ನ ಪ್ರಭಾವ ಇಳಿಸಲು ಅದರ ವಿರುದ್ಧ ಮದ್ದಾದ ಫ್ಲುಮಜೆನಿಲ್ 0.2 ಮಿಲಿಗ್ರಾಂ, ಬೇಕಾದರೆ ನಿಮಿಷಕ್ಕೊಮ್ಮೆ ಅಷ್ಟೇ, ಒಟ್ಟು 1 ಮಿಲಿಗ್ರಾಂವರೆಗೆ. ಇದರ ಪ್ರಭಾವ ಮಿಡಜೋಲಮ್‌ಗಿಂತ ಮೊದಲೇ ಇಳಿಯುವುದರಿಂದ ಎಚ್ಚರಗೊಂಡ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಎರಡು ಗಂಟೆಯ ತನಕ ಕಣ್ಣಿಟ್ಟಿರಬೇಕು.