ಚಿತ್ರ ಕಲಿಯೋಕೆ ಕಾಲೇಜು ಬೇಕಾ?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಡ್ರಾಯಿಂಗ್ ಕ್ಲಾಸಿಗೆ ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ ಬರುತ್ತಾರೆ. "ಸಾರ್, ಯೂಟ್ಯೂಬ್ ನೋಡಿಯೇ ಇಷ್ಟು ಚೆನ್ನಾಗಿ ಬಿಡಿಸ್ತಾನೆ. ಬಿವಿಎ ಅಂತ ಚಿತ್ರಕಲೆ ಡಿಗ್ರಿಗೆ ನಾಲ್ಕು ವರ್ಷ ಸುಮ್ನೆ ಯಾಕೆ?"

ನಾನು ಮೊದಲು ಹುಡುಗನ ಚಿತ್ರ ಕೇಳುತ್ತೇನೆ. ಫೈಲಿನಿಂದ ಸಿನಿಮಾ ನಟರ ಮುಖಗಳು ಹೊರಬರುತ್ತವೆ. ಫೋನಿನ ಫೋಟೋಗೆ ಗ್ರಿಡ್ ಹಾಕಿ, ಚೌಕ ಚೌಕವಾಗಿ ಇಳಿಸಿದ್ದು. ಶೇಡಿಂಗ್ ಬಲು ನುಣುಪು. "ಈಗ ಅಪ್ಪನನ್ನು ನೋಡಿಕೊಂಡು ಬಿಡಿಸು" ಎಂದರೆ ಕಥೆಯೇ ಬೇರೆ. ಕಣ್ಣುಗಳು ಹಣೆಗೆ ಹತ್ತಿಬಿಡುತ್ತವೆ. ನೆತ್ತಿಯಿಂದ ಗದ್ದದವರೆಗೆ ಅಳೆದು ನೋಡಿ, ಕಣ್ಣು ಇರುವುದು ಹೆಚ್ಚುಕಡಿಮೆ ಅರ್ಧದಲ್ಲಿ. ಫೋಟೋ ಆಗಲೇ ಎಲ್ಲವನ್ನೂ ಚಪ್ಪಟೆ ಮಾಡಿಟ್ಟಿರುತ್ತದೆ. ಎದುರಿಗೆ ಕೂತ ಮನುಷ್ಯನನ್ನು ಹಾಳೆಗೆ ಇಳಿಸುವ ಕೆಲಸ ಮಾತ್ರ ನಾವೇ ಮಾಡಬೇಕು.

ಒಳ್ಳೆಯ ಕಾಲೇಜಿನಲ್ಲಿ ಸಿಗುವುದು ಇದೇ ಅಭ್ಯಾಸ. ಮಾಡೆಲ್ ಕೂತಿರುತ್ತಾರೆ. ಕೈ ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಲ್ಲಿ ತಲೆಯ ಅಳತೆ ಹಿಡಿದು, ಮೈ ಎಷ್ಟು ತಲೆಯುದ್ದ ಅಂತ ಎಣಿಸುತ್ತೀರಿ. ಮೊಣಕಾಲು ನಿಮ್ಮ ಕಡೆಗಿದ್ದರೆ ತೊಡೆ ಒಂದು ತಲೆಯಷ್ಟೂ ಕಾಣುವುದಿಲ್ಲ. ಆದರೆ ತೊಡೆ ಉದ್ದ ಅಂತ ನಮಗೆ ಮೊದಲೇ ಗೊತ್ತಲ್ಲ, ಕೈ ಉದ್ದಕ್ಕೇ ಎಳೆಯುತ್ತದೆ. ಹಿಂದೆ ನಿಂತ ಮೇಷ್ಟ್ರು "ಮತ್ತೆ ಅಳತೆ ಮಾಡು" ಅಂತಾರೆ. ಯೂಟ್ಯೂಬಿನವರು ಎಷ್ಟೇ ಚೆನ್ನಾಗಿ ಹೇಳಿಕೊಟ್ಟರೂ ನಿಮ್ಮ ಹಾಳೆ ಅವರಿಗೆ ಕಾಣುವುದಿಲ್ಲ.

ಹಾಗಾದರೆ ಕಾರ್ಟೂನಿಸ್ಟ್ ಆರ್.ಕೆ. ಲಕ್ಷ್ಮಣ್ ಯಾವ ಆರ್ಟ್ ಕಾಲೇಜಿಗೆ ಹೋಗಿದ್ದರು? ಈ ಮಾತು ಬಂದೇ ಬರುತ್ತದೆ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅವರಿಗೆ ಸೀಟು ಕೊಡಲಿಲ್ಲ, ನಿಜ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಆದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕಲಿತರು ಅಂದುಕೊಳ್ಳಬೇಡಿ. ಬ್ರಿಟನ್ನಿನ ಪತ್ರಿಕೆಗಳಿಗೆ ಬರೆಯುತ್ತಿದ್ದ ಡೇವಿಡ್ ಲೋ ಅವರ ಕಾರ್ಟೂನುಗಳನ್ನು ಹುಡುಗನಾಗಿದ್ದಾಗಲೇ ಅರೆದು ಕುಡಿದಿದ್ದರು. ಕಾಗೆ, ಒಣಗಿದ ಎಲೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ನೋಡಿ ಬಿಡಿಸುತ್ತಿದ್ದರು. ಅಣ್ಣ ಆರ್.ಕೆ. ನಾರಾಯಣ್ ಕಥೆಗಳಿಗೆ, 'ಕೊರವಂಜಿ' ಹಾಸ್ಯ ಪತ್ರಿಕೆಗೆ ಚಿತ್ರ ಬರೆದರು. ಅಂದರೆ ಗಡುವು ಇತ್ತು, ಸಂಪಾದಕರಿದ್ದರು, ಅಚ್ಚಾದ ಮೇಲೆ ಓದುಗರೂ ಇದ್ದರು. ಮೊಬೈಲ್ ಹಿಡಿದು ರೂಮಿನಲ್ಲಿ ಕೂತ ಹುಡುಗನಿಗೆ ಇದರಲ್ಲಿ ಯಾವುದಿದೆ?

ಡಿಗ್ರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಚಿತ್ರಕಲಾ ಶಿಕ್ಷಕರಾಗಬೇಕು, ಮುಂದೆ ಎಂ.ವಿ.ಎ. ಅಂತ ಸ್ನಾತಕೋತ್ತರ ಪದವಿ ಮಾಡಿ ಲೆಕ್ಚರರ್ ಆಗಬೇಕು ಅಂದರೆ ಸರ್ಟಿಫಿಕೇಟ್ ಬೇಕೇ ಬೇಕು. ಪುಸ್ತಕಕ್ಕೆ ಚಿತ್ರ ಬರೆಸುವವರು ನಿಮ್ಮ ಕೆಲಸ ನೋಡುತ್ತಾರೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಚಿತ್ರ ಕೊಳ್ಳುವವರು ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಇನ್ನು ಎಚಿಂಗ್, ಲಿಥೋ ಥರದ ಅಚ್ಚೊತ್ತುವ ಚಿತ್ರಕಲೆಯಲ್ಲಿ, ಲೋಹದ ಶಿಲ್ಪದಲ್ಲಿ ಆಸಕ್ತಿ ಇದ್ದರೆ ಯೋಚನೆ ಮಾಡದೆ ಸೇರಿಬಿಡಿ. ಪ್ರೆಸ್ಸು, ಕುಲುಮೆ ಯಾರ ಮನೆಯಲ್ಲಿರುತ್ತದೆ?

ದುಡ್ಡು, ಊರು, ಮನೆ ಪರಿಸ್ಥಿತಿ ಕೂಡಿಬರದಿದ್ದರೆ ನಾಲ್ಕು ಜನ ಗೆಳೆಯರನ್ನು ಸೇರಿಸಿಕೊಳ್ಳಿ. ಭಾನುವಾರ ಒಬ್ಬರು ಕೂರಲಿ, ಉಳಿದವರು ಬಿಡಿಸಲಿ, ಸರದಿ ಬದಲಾಗಲಿ. ಬಸ್ ಸ್ಟ್ಯಾಂಡಿನಲ್ಲಿ ಎರಡೆರಡು ನಿಮಿಷದ ಸ್ಕೆಚ್ ಹಾಕಿ. ನಿಮಗಿಂತ ಚೆನ್ನಾಗಿ ಬಿಡಿಸುವ ಒಬ್ಬರಿಗೆ ಆಗಾಗ ಸ್ಕೆಚ್‌ಬುಕ್ ತೋರಿಸಿ. ಲೈಕ್ ಒತ್ತುವವರು ಲೆಕ್ಕಕ್ಕಿಲ್ಲ.

ಸೇರಲು ಹೊರಟವರಿಗೂ ಒಂದು ಮಾತು. ಎಲ್ಲ ಕಾಲೇಜೂ ಒಂದೇ ಥರ ಇರಲ್ಲ. ಸಬ್ಮಿಷನ್ ಹತ್ತಿರ ಬಂದಾಗ ಮಾತ್ರ ಜೀವ ಬರುವ ಕಡೆಗಳೂ ಇವೆ. ಗೋಡೆಗೆ ಹಾಕಿದ ಕಟ್ಟು ಹಾಕಿಸಿದ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಮೂರನೇ ವರ್ಷದ ಇಬ್ಬರು ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿದು ಸ್ಕೆಚ್‌ಬುಕ್ ಕೇಳಿ. ವಾರಕ್ಕೆ ಎಷ್ಟು ದಿನ ಮಾಡೆಲ್ ಕೂರುತ್ತಾರೆ, ಮೇಷ್ಟ್ರು ಎಷ್ಟು ಹೊತ್ತು ಸ್ಟುಡಿಯೋದಲ್ಲಿ ಇರುತ್ತಾರೆ ಅಂತಲೂ ಕೇಳಿ. ಫೀಸ್ ಕಟ್ಟುವುದು ಆಮೇಲೆ.